ಗುಜರಿಗೆ ಹೋದ ವಿಮಾನ, ಬೀರುವಿನಲ್ಲಿ ಉಳಿದ ಕಾಗದ

ಸಾಹಿತ್ಯಾಸಕ್ತರ ನಡುವೆ ಫ್ಲೈಟ್ ಸಿಮ್ಯುಲೇಟರಿನ ಮಾತೆತ್ತಿದರೆ ಎರಡು ಬಗೆಯ ನಗೆ ಎದುರಾಗುತ್ತದೆ. ಒಂದು ಕನಿಕರದ ನಗೆ: ನಲವತ್ತು ದಾಟಿದವರು ಇನ್ನೂ ವಿಮಾನದ ಆಟ ಬಿಟ್ಟಿಲ್ಲವಲ್ಲ ಎಂಬುದು. ಇನ್ನೊಂದು ಅಸಮ್ಮತಿಯ ನಗೆ: ಆಟವೇ ಆಗಲಿ, ಯುದ್ಧವಿಮಾನವೇ ಬೇಕಿತ್ತೆ ಎಂಬುದು. ಈ ಎರಡು ನಗೆಗಳಿಗೂ ಇಲ್ಲಿ ಉತ್ತರ ಕೊಡುತ್ತೇವೆ. ಆದರೆ ನಮ್ಮ ಮುಖ್ಯ ತಕರಾರು ನಗುವವರ ಜೊತೆಗಲ್ಲ. ನಗದೆ, ಗಂಭೀರ ಮುಖದಿಂದ ಬೀರುವಿಗೆ ಬೀಗ ಹಾಕಿ ಕುಳಿತ ವ್ಯವಸ್ಥೆಯ ಜೊತೆಗೆ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಹಾರಾಟ ನಿಲ್ಲಿಸಿದ ಒಂದು ಯುದ್ಧವಿಮಾನವನ್ನು ಸಿಮ್ಯುಲೇಟರಿಗಾಗಿ ಸೂಕ್ಷ್ಮವಾಗಿ ಕಟ್ಟುವುದು ಸಂಶೋಧನೆಯ ಕೆಲಸ. ಹಳೆಯ ಕಾವ್ಯದ ಓಲೆಪ್ರತಿಗಳನ್ನು ಕೂಡಿಸಿ ಪಾಠ ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೆ ಅದು ತೀರ ಹತ್ತಿರ. ಆ ಕೆಲಸಕ್ಕೆ ಬೇಕಾದ ಮೂಲ ದಾಖಲೆಗಳನ್ನು ಕೊಡುವುದು ಈ ದೇಶದ ಸಂಸ್ಥೆಗಳ ಕರ್ತವ್ಯವೇ ಹೊರತು ಔದಾರ್ಯವಲ್ಲ.

ಬೇರೆ ಬೇರೆ ಊರುಗಳಲ್ಲಿರುವ ನಾವು ಕೆಲವರು ಸೇರಿ ಕಟ್ಟುತ್ತಿರುವುದು ಎಚ್‌ಎಫ್-24 ಮಾರುತ್ ವಿಮಾನವನ್ನು. ಬೆಂಗಳೂರಿನಲ್ಲಿ ವಿನ್ಯಾಸಗೊಂಡು, ಬೆಂಗಳೂರಿನಲ್ಲಿ ತಯಾರಾಗಿ, 1961ರ ಜೂನ್ 17ರಂದು ಬೆಂಗಳೂರಿನ ಆಕಾಶದಲ್ಲೇ ಮೊದಲ ಬಾರಿಗೆ ಹಾರಿದ ಜೆಟ್ ಯುದ್ಧವಿಮಾನವದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಈ ವಿನ್ಯಾಸದ ನೇತೃತ್ವ ವಹಿಸಿದ್ದ. ಲೋಹದ ವಿಮಾನ ಹಾರುವ ಮೊದಲು ಅದೇ ಅಳತೆಯ ಮರದ ಗ್ಲೈಡರನ್ನು ಮಾಡಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು, ಮೇಲೆ ಬಿಟ್ಟು ಪರೀಕ್ಷಿಸಲಾಯಿತು. ಎರಡು ಆಸನದ ತರಬೇತಿ ವಿಮಾನಗಳೂ ಸೇರಿ ತಯಾರಾದವು ಒಟ್ಟು 147. 1971ರ ಯುದ್ಧದಲ್ಲಿ ಜೋಧಪುರ ಮತ್ತು ಉತ್ತರ್‌ಲಾಯ್ ನೆಲೆಗಳಿಂದ ಅವು ಹಾರಿದವು. ಇಂದು ಹಾರುವ ಸ್ಥಿತಿಯಲ್ಲಿ ಒಂದೂ ಇಲ್ಲ. ಕೆಲವು ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ, ಉಳಿದವು ಗುಜರಿಯಾದವು.

ಮಾದರಿ ಕಟ್ಟುವುದೆಂದರೆ ಹೊರಗಿನ ಆಕಾರ ಮೂಡಿಸಿ ಬಣ್ಣ ಬಳಿಯುವುದೆಂದು ಹಲವರು ಭಾವಿಸಿದ್ದಾರೆ. ಅದು ಕೆಲಸದ ಅತ್ಯಂತ ಸುಲಭದ ಭಾಗ. ಒಳ್ಳೆಯ ಛಾಯಾಚಿತ್ರಗಳು, ಮೂರು ದಿಕ್ಕಿನ ನಕ್ಷೆಗಳು, ಕೈಗೆ ಸಿಕ್ಕ ವಿಮಾನದ ಪಕ್ಕದಲ್ಲಿ ಟೇಪು ಹಿಡಿದು ತೆಗೆದ ಅಳತೆಗಳು: ಇವಿಷ್ಟಿದ್ದರೆ ಬ್ಲೆಂಡರ್ ತಂತ್ರಾಂಶದಲ್ಲಿ ಕೆಲವು ತಿಂಗಳಲ್ಲಿ ಚರ್ಮ ಸಿದ್ಧವಾಗುತ್ತದೆ. ಆ ಚರ್ಮದೊಳಗೆ ಜೀವ ತುಂಬುವುದಕ್ಕೆ ವರ್ಷಗಳು ಹಿಡಿಯುತ್ತವೆ. ಎಕ್ಸ್-ಪ್ಲೇನ್ ತಂತ್ರಾಂಶವು ರೆಕ್ಕೆಯನ್ನು ಸಣ್ಣ ಸಣ್ಣ ಹೋಳುಗಳಾಗಿ ಕಲ್ಪಿಸಿಕೊಂಡು, ಪ್ರತಿಯೊಂದರ ಮೇಲೆ ಗಾಳಿ ಹೇರುವ ಬಲವನ್ನು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಫ್ಲೈಟ್‌ಗೇರ್ ಬಳಸುವ ಜೆಎಸ್‌ಬಿಸಿಮ್ ಎಂಬ ಗಣಕಯಂತ್ರವಾದರೋ ಕೋಷ್ಟಕಗಳನ್ನು ಕೇಳುತ್ತದೆ: ಯಾವ ಕೋನದಲ್ಲಿ, ಯಾವ ವೇಗದಲ್ಲಿ ಎತ್ತುವ ಬಲವೆಷ್ಟು, ತಡೆಯುವ ಬಲವೆಷ್ಟು, ಬಾಲದ ಪ್ರಭಾವವೆಷ್ಟು. ದಾರಿ ಯಾವುದಾದರೂ ಪ್ರಶ್ನೆಗಳು ಅವೇ. ಇಂಧನ ಯಾವ ಟ್ಯಾಂಕಿನಿಂದ ಮೊದಲು ಖಾಲಿಯಾಗುತ್ತದೆ? ಆಗ ಭಾರದ ಕೇಂದ್ರ ಎತ್ತ ಸರಿಯುತ್ತದೆ? ಒಂದು ಎಂಜಿನ್ ನಿಂತರೆ ಹೈಡ್ರಾಲಿಕ್ ಒತ್ತಡ ಎಷ್ಟಕ್ಕೆ ಇಳಿಯುತ್ತದೆ? ಎಚ್ಚರಿಕೆಯ ದೀಪ ಯಾವುದು ಹೊತ್ತಿಕೊಳ್ಳುತ್ತದೆ, ಅದರ ಬಣ್ಣವೇನು, ಸ್ವಿಚ್ಚನ್ನು ಮೇಲಕ್ಕೆ ಒತ್ತಬೇಕೆ ಕೆಳಕ್ಕೆ ಒತ್ತಬೇಕೆ?

ಪುಸ್ತಕ ಬರೆಯುವ ಇತಿಹಾಸಕಾರನಿಗೆ ಗೊತ್ತಿಲ್ಲದ್ದನ್ನು ದಾಟಿಹೋಗುವ ಸ್ವಾತಂತ್ರ್ಯವಿದೆ. "ವಿಮಾನವು ಸಮರ್ಥವಾಗಿ ಕಾರ್ಯ ನಿರ್ವಹಿಸಿತು" ಎಂದು ಒಂದು ವಾಕ್ಯ ಬರೆದು ಮುಂದಕ್ಕೆ ಹೋಗಬಹುದು. ಮಾದರಿ ಕಟ್ಟುವವನಿಗೆ ಆ ಸ್ವಾತಂತ್ರ್ಯವಿಲ್ಲ. ಖಾಲಿ ಬಿಟ್ಟ ಜಾಗ ಅವನ ಕಣ್ಣೆದುರಿಗೇ ಬಂದು ನಿಲ್ಲುತ್ತದೆ: ಮೀಟರಿನ ಮುಳ್ಳು ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಸ್ವಿಚ್ಚಿಗೆ ಏನೋ ಒಂದು ಪರಿಣಾಮ ಇರಲೇಬೇಕು. ಇದಕ್ಕಿಂತ ನಿಷ್ಠುರವಾದ ಓದು ಬೇರೊಂದಿದೆಯೆ?

ಮಾರುತ್ ಬಗ್ಗೆ ನಮ್ಮಲ್ಲಿ ಎರಡು ಕಥೆಗಳು ಚಾಲ್ತಿಯಲ್ಲಿವೆ. ಒಂದು, ಹೊರದೇಶಗಳು ತಕ್ಕ ಎಂಜಿನ್ ಸಿಗದಂತೆ ಮಾಡಿ ಒಂದು ಅದ್ಭುತ ವಿಮಾನವನ್ನು ಕೊಂದವೆಂಬ ಕಥೆ. ಇನ್ನೊಂದು, ಅದು ಹುಟ್ಟುವಾಗಲೇ ಸೋತ ಯಂತ್ರವೆಂಬ ಕಥೆ. ಹೇಳುವವರ ರಾಜಕೀಯಕ್ಕೆ ತಕ್ಕಂತೆ ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ಅಂಕಿಗಳು ಏನು ಹೇಳುತ್ತವೆ? ಮಾರುತ್‌ನಲ್ಲಿದ್ದವು ಎರಡು ಆರ್ಫಿಯಸ್ 703 ಎಂಜಿನ್‌ಗಳು. ಒಂದೊಂದರ ನೂಕುಬಲ ಸುಮಾರು 4,850 ಪೌಂಡ್, ಆಫ್ಟರ್‌ಬರ್ನರ್ ಇಲ್ಲ. ವಿಮಾನದ ಗರಿಷ್ಠ ಭಾರ ಸುಮಾರು 10,900 ಕಿಲೋ. ಭಾಗಿಸಿ ನೋಡಿದರೆ ನೂಕುಬಲವು ಭಾರದ ಶೇಕಡ 40ರಷ್ಟು ಮಾತ್ರ. ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟುಕೊಂಡು ರೂಪಿಸಿದ ಶರೀರವು ಶಬ್ದವೇಗದ ಅಂಚಿನಲ್ಲೇ ಉಳಿಯಿತೇಕೆ ಎಂಬುದು ಈ ಒಂದು ಭಾಗಾಕಾರದಲ್ಲೇ ಕಾಣುತ್ತದೆ. ಅದರ ಮೇಲೆ ಬೆಂಗಳೂರಿನ ಎಚ್‌ಎಎಲ್ ರನ್‌ವೇ ಇರುವುದು ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ರಾಜಸ್ಥಾನದ 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ 15 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇಕಡ 8ರಷ್ಟು ಕಡಿಮೆ. ರೆಕ್ಕೆ ಎತ್ತುವುದೂ ಕಡಿಮೆ, ಎಂಜಿನ್ ನೂಕುವುದೂ ಕಡಿಮೆ, ರನ್‌ವೇ ಮಾತ್ರ ಅಷ್ಟೇ ಉದ್ದ. ಮಾದರಿ ಸರಿಯಾಗಿದ್ದರೆ ಇದನ್ನು ಯಾರೂ ವಾದಿಸಿ ಒಪ್ಪಿಸಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತವನಿಗೆ ರನ್‌ವೇಯ ಕೊನೆ ತನ್ನತ್ತ ಧಾವಿಸಿ ಬರುವುದು ಕಾಣಿಸುತ್ತದೆ.

ಮೂಲ ಯೋಜನೆಯಲ್ಲಿ ಇದ್ದದ್ದು ಆರ್ಫಿಯಸ್ 12 ಎಂಬ ಇನ್ನೂ ಬಲವಾದ ಎಂಜಿನ್. ಆಫ್ಟರ್‌ಬರ್ನರ್ ಹೊತ್ತಿಸಿದರೆ 8,000 ಪೌಂಡಿಗೂ ಮಿಕ್ಕ ನೂಕುಬಲ. ಅದನ್ನು ಪೂರ್ತಿಗೊಳಿಸಲು ಹಣ ಹೂಡುವವರಿಲ್ಲದೆ ಯೋಜನೆ ನಿಂತಿತು. ಆಮೇಲೆ ಈಜಿಪ್ಟಿನ ಇ-300 ಎಂಜಿನನ್ನು ಕೂರಿಸಿ ನೋಡಿದರು. ಆರ್ಫಿಯಸ್ 703ಕ್ಕೇ ಆಫ್ಟರ್‌ಬರ್ನರ್ ಜೋಡಿಸಿ ನೋಡಿದರು. ಆ ಬಗೆಯ ವಿಮಾನವನ್ನು ಪರೀಕ್ಷಿಸುತ್ತಿದ್ದಾಗಲೇ, 1970ರ ಜನವರಿ 10ರಂದು, ಮಾರುತ್‌ನ ಮೊದಲ ಹಾರಾಟವನ್ನು ನಡೆಸಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪ್ರಾಣ ತೆತ್ತರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ವಾಹನದಟ್ಟಣೆಯನ್ನು ಬೈದುಕೊಳ್ಳುವವರಲ್ಲಿ ಆ ಹೆಸರು ಯಾರದ್ದೆಂದು ಬಲ್ಲವರು ಎಷ್ಟು ಮಂದಿ?

ಸಿಮ್ಯುಲೇಟರ್ ಇಲ್ಲಿ ಪುಸ್ತಕಕ್ಕೆ ಸಾಧ್ಯವಿಲ್ಲದ ಒಂದನ್ನು ಮಾಡಬಲ್ಲದು. ಅದೇ ಶರೀರಕ್ಕೆ ಆರ್ಫಿಯಸ್ 12ರ ಅಂಕಿಗಳನ್ನು ಕೊಟ್ಟು ಹಾರಿಸಿ ನೋಡಬಹುದು. ಆಗ ಅದು ಗುರಿ ಮುಟ್ಟುತ್ತಿತ್ತೆ, ಅಥವಾ ಶರೀರದಲ್ಲೇ ಎಂಜಿನ್ ನೀಗಿಸಲಾರದ ತೊಡಕಿತ್ತೆ? ಅರವತ್ತು ವರ್ಷಗಳಿಂದ ಬಾಯಿಮಾತಿನಲ್ಲೇ ನಡೆದಿರುವ ಜಗಳವನ್ನು ಒಂದು ಸಂಜೆಯ ಪರೀಕ್ಷೆಗೆ ಒಡ್ಡಬಹುದು. ಆದರೆ ಒಂದು ಷರತ್ತಿದೆ: ಗಾಳಿಸುರಂಗದ ವರದಿಗಳು ಬೇಕು, ಪರೀಕ್ಷಾ ಹಾರಾಟದ ಅಂಕಿಗಳು ಬೇಕು, ಪೈಲಟ್ ಕೈಪಿಡಿ ಬೇಕು. ಇವಿಲ್ಲದಿದ್ದರೆ ಮಾದರಿಕಾರ ಊಹಿಸುತ್ತಾನೆ. ಊಹೆ ಸುಂದರವಾದ ಕಾಕ್‌ಪಿಟ್ಟಿನೊಳಗೆ ಕುಳಿತು ನಿಜದ ವೇಷ ಹಾಕುತ್ತದೆ. ಹತ್ತು ವರ್ಷ ಕಳೆದ ಮೇಲೆ ಆ ಮಾದರಿಯನ್ನು ಹಾರಿಸಿದ ಹುಡುಗ ತನಗೆ ಮಾರುತ್ ಗೊತ್ತೆಂದು ನಂಬುತ್ತಾನೆ.

ಹಾಗಾಗಿ ನಮ್ಮ ಟೀಕೆ ನಮ್ಮ ಬಳಗದವರಿಗೂ ಸಲ್ಲುತ್ತದೆ. ಹಾಕರ್ ಹಂಟರ್‌ನ ಹಾರಾಟದ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡು ಮೇಲೆ ಮಾರುತ್‌ನ ಚರ್ಮ ಹೊದಿಸಿ, ಬಾಲಕ್ಕೆ ತ್ರಿವರ್ಣ ಬಳಿದು, "ದೇಶಕ್ಕೆ ಅರ್ಪಣೆ" ಎಂದು ಬರೆದರೆ ಅದು ದೇಶಪ್ರೇಮವಲ್ಲ, ಕಳ್ಳಪಾಠ. ಒಂದೇ ಎಂಜಿನ್ನಿನ ಹಂಟರ್‌ನ ಗುಣ ಎರಡು ಎಂಜಿನ್ನಿನ ಮಾರುತ್‌ಗೆ ಬರುವುದು ಹೇಗೆ? 1971ರಲ್ಲಿ ನೆಲದಿಂದ ಬಂದ ಗುಂಡೇಟಿಗೆ ಒಂದು ಎಂಜಿನ್ ಕಳೆದುಕೊಂಡ ಮೇಲೂ ಮಾರುತ್‌ಗಳು ಇನ್ನೊಂದರ ಬಲದಿಂದ ನೆಲೆಗೆ ಮರಳಿದವು. ಆ ವಿಮಾನದ ಅತಿ ದೊಡ್ಡ ಗುಣವನ್ನೇ ಅಳಿಸಿಹಾಕುವ ಮಾದರಿಗೆ ಯಾರ ಅರ್ಪಣೆ, ಯಾವುದಕ್ಕೆ ಅರ್ಪಣೆ?

ಇನ್ನು ಯುದ್ಧದ ವೈಭವೀಕರಣದ ಆಕ್ಷೇಪ. ಯುದ್ಧವನ್ನು ವೈಭವೀಕರಿಸುವುದು ವಿವರವಲ್ಲ, ವಿವರದ ಅಭಾವ. ಸಿನಿಮಾದ ನಾಯಕ ನಿಮಿಷಗಟ್ಟಲೆ ಗುಂಡು ಹಾರಿಸುತ್ತಾನೆ. ಮಾರುತ್‌ನ ಮೂಗಿನಲ್ಲಿದ್ದವು 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳು, ಒಂದೊಂದಕ್ಕೆ 120 ಗುಂಡು. ನಿಮಿಷಕ್ಕೆ 1,200ರ ಲೆಕ್ಕದಲ್ಲಿ ಹಿಡಿದರೂ ಆರು ಸೆಕೆಂಡಿಗೆ ಎಲ್ಲವೂ ಖಾಲಿ. ಆ ಆರು ಸೆಕೆಂಡಿಗಾಗಿ ಮರುಭೂಮಿಯ ಮೇಲೆ ಮರದೆತ್ತರದಲ್ಲಿ, ಇಂಧನದ ಮುಳ್ಳನ್ನು ನೋಡುತ್ತ, ಶತ್ರುನೆಲದೊಳಗೆ ಹೋಗಿ ಮರಳಬೇಕು. ನಿಷ್ಠೆಯಿಂದ ಕಟ್ಟಿದ ಮಾದರಿಯಲ್ಲಿ ಇದನ್ನು ಒಮ್ಮೆ ಮಾಡಿ ನೋಡಿದವರ ಬಾಯಲ್ಲಿ ವೀರಾಲಾಪ ಹೊರಡುವುದಿಲ್ಲ. ನಮ್ಮ ಕಾವ್ಯಗಳಲ್ಲಿ ಬರುವ ಯುದ್ಧವರ್ಣನೆಗಳನ್ನು ತಲೆದೂಗಿ ಓದುವ ನಾವು, ಒಂದು ಯುದ್ಧಯಂತ್ರವನ್ನು ಅರ್ಥ ಮಾಡಿಕೊಳ್ಳಲು ಹೊರಟವರನ್ನು ಮಾತ್ರ ಯುದ್ಧದಾಹಿಗಳೆಂದು ಕರೆಯುವುದು ಯಾವ ನ್ಯಾಯ?

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಇವು ಗೋಪ್ಯ ದಾಖಲೆಗಳು. ಗೋಪ್ಯತೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಇಂದಿಗೂ ಹಾರುತ್ತಿರುವ ವಿಮಾನದ ಕೈಪಿಡಿಗೆ ಬೀಗ ಬೇಕು. ಎಫ್-16ರ ಕೈಪಿಡಿಗಳನ್ನು ಅಕ್ರಮವಾಗಿ ತರಿಸಿಕೊಂಡ ಆರೋಪದಲ್ಲಿ ಸಿಮ್ಯುಲೇಟರ್ ಕಂಪನಿಯೊಂದರ ಉದ್ಯೋಗಿ 2019ರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಅದರಲ್ಲಿ ನಮಗೆ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಮಾರುತ್ ಸೇವೆಯಿಂದ ಹೊರಗಾಗಿ ಮೂರು ದಶಕಗಳೇ ಮೀರಿವೆ. ಅದರ ಇಡೀ ಶರೀರವನ್ನೇ ಜರ್ಮನಿಯ ಓಬರ್‌ಶ್ಲೈಸ್‌ಹೈಮ್‌ನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಲಾಗಿದೆ. ವಿಮಾನವನ್ನೇ ಹೊರದೇಶದಲ್ಲಿ ಪ್ರದರ್ಶನಕ್ಕಿಟ್ಟ ಮೇಲೆ ಅದರ ಸ್ವಿಚ್ಚುಗಳ ಪಟ್ಟಿ ಗೋಪ್ಯವೆನ್ನುವುದು ದೇಶರಕ್ಷಣೆಯಲ್ಲ, ಜಡತ್ವ.

ಬೇರೆಯವರು ಏನು ಮಾಡಿದ್ದಾರೆ ನೋಡಿ. ಬ್ರಿಟನ್ನಿನ ಸ್ಪಿಟ್‌ಫೈರ್, ಲ್ಯಾಂಕಾಸ್ಟರ್‌ಗಳ ಪೈಲಟ್ ಟಿಪ್ಪಣಿಗಳು ಮರುಮುದ್ರಣಗೊಂಡು ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ಅಮೆರಿಕದ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಬರಹಗಳಿಗೆ ಅಲ್ಲಿನ ಕಾನೂನಿನಂತೆ ಹಕ್ಕುಸ್ವಾಮ್ಯವೇ ಇಲ್ಲ. ಪಿ-51 ಮಸ್ಟಾಂಗ್‌ನ ಕೈಪಿಡಿಯನ್ನು ಯಾರು ಬೇಕಾದರೂ ಓದಬಹುದು, ಮುದ್ರಿಸಬಹುದು. ನಮ್ಮ ಬೆಂಗಳೂರು ನಗರದಷ್ಟೂ ಜನಸಂಖ್ಯೆಯಿಲ್ಲದ ಸ್ವೀಡನ್ ತನ್ನ ಸಾಬ್ ವಿಗ್ಗೆನ್ ಯುದ್ಧವಿಮಾನದ ಕೈಪಿಡಿಯ ಗೋಪ್ಯತೆಯನ್ನು ತೆಗೆದುಹಾಕಿತು. ಅದರ ಫಲವಾಗಿ 2017ರಲ್ಲಿ ಡಿಸಿಎಸ್ ಸಿಮ್ಯುಲೇಟರಿಗೆ ವಿಗ್ಗೆನ್‌ನ ಸೂಕ್ಷ್ಮ ಮಾದರಿ ಬಂದಿತು. ಇಂದು ಎಲ್ಲೆಲ್ಲಿಯ ತರುಣರೋ ವಿಗ್ಗೆನ್‌ನ ವ್ಯವಸ್ಥೆಗಳನ್ನು ಒಂದೊಂದಾಗಿ ವಿವರಿಸಬಲ್ಲರು. ಬೆಂಗಳೂರಿನವರೇ ಮಾರುತ್ ಬಗ್ಗೆ ಒಂದು ಪುಟ ಮಾತಾಡಲಾರರು.

ನಮ್ಮಲ್ಲಿ ಕಾನೂನಿಲ್ಲವೆ? ಇದೆ. ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಅದರ ಪರಿಚಯ ಚೆನ್ನಾಗಿಯೇ ಇದೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಕೇಂದ್ರ ಸರ್ಕಾರಕ್ಕೂ ಅದರ ಉದ್ಯಮಗಳಿಗೂ ಅನ್ವಯಿಸುತ್ತದೆ. ಗೋಪ್ಯವೆಂದು ವರ್ಗೀಕರಿಸದ, 30 ವರ್ಷ ಮೀರಿದ, ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾವಣೆಯಾದ ದಾಖಲೆಗಳು ಪ್ರಾಮಾಣಿಕ ಸಂಶೋಧಕರಿಗೆ ದೊರೆಯಬೇಕೆನ್ನುತ್ತದೆ. ನಿಯಮ ಮೀರಿ ದಾಖಲೆ ನಾಶ ಮಾಡಿದವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. 2021ರಲ್ಲಿ ರಕ್ಷಣಾ ಸಚಿವಾಲಯವೇ ಹೊಸ ನೀತಿಯನ್ನು ಪ್ರಕಟಿಸಿ, ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆಯಿಂದ ಬಿಡುಗಡೆ ಮಾಡಬೇಕೆಂದೂ, ಅದಕ್ಕೂ ಹಳೆಯವನ್ನು ತಜ್ಞರು ಪರಿಶೀಲಿಸಿ ಪತ್ರಾಗಾರಕ್ಕೆ ಕಳಿಸಬೇಕೆಂದೂ ಹೇಳಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ತೊಡಕಿರುವುದು "ವರ್ಗಾವಣೆಯಾದ" ಎಂಬ ಪದದಲ್ಲಿ ಮತ್ತು "ಪ್ರಾಮಾಣಿಕ ಸಂಶೋಧಕ" ಎಂಬ ಪದದಲ್ಲಿ. ವರ್ಗಾಯಿಸದೆ ಇಟ್ಟುಕೊಂಡ ಕಾಗದ ಯಾರಿಗೂ ಸಿಗುವುದಿಲ್ಲ. ಒಂದು ಕಚೇರಿಗೆ ನಾವು ಪತ್ರ ಬರೆದು, ಹಾರಾಟ ನಿಲ್ಲಿಸಿದ ವಿಮಾನದ ಕೈಪಿಡಿಯ ಪ್ರತಿಯನ್ನು ಕೇಳಿದೆವು. ಹಲವು ತಿಂಗಳ ಮೇಲೆ ಬಂದ ಉತ್ತರ ಎರಡು ಸಾಲಿನದು: ಕೋರಿದ ದಾಖಲೆ ಲಭ್ಯವಿಲ್ಲ, ಲಭ್ಯವಿದ್ದರೂ ಮನರಂಜನೆಯ ಉದ್ದೇಶಕ್ಕೆ ಒದಗಿಸಲಾಗದು. ಇಲ್ಲವೆನ್ನುವುದು ಒಂದು ಉತ್ತರ, ಕೊಡುವುದಿಲ್ಲವೆನ್ನುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರಿಗೆ ಬೀರುವಿನಲ್ಲಿ ಏನಿದೆಯೆಂಬುದೇ ತಿಳಿದಿಲ್ಲವೆಂದು ಅರ್ಥ. "ಮನರಂಜನೆ" ಎಂಬ ಆ ಒಂದು ಪದವೇ ನಮ್ಮ ವಾದದ ನಡುಗಂಬ. ಇದೇ ಕೈಪಿಡಿಯನ್ನು ಪಿಎಚ್.ಡಿ. ಪ್ರಬಂಧಕ್ಕೆಂದು ಕೇಳಿದ್ದರೆ ಸಂಶೋಧನೆ. ಅದರ ಪ್ರತಿ ಸಾಲನ್ನೂ ಪರೀಕ್ಷೆಗೆ ಒಡ್ಡುವ ಮಾದರಿಗೆಂದು ಕೇಳಿದರೆ ಮನರಂಜನೆ! ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುವ ಪ್ರಬಂಧಕ್ಕಿಂತ, ನೂರಾರು ಜನ ದಿನವೂ ಹಾರಿಸಿ ತಪ್ಪು ಹುಡುಕುವ ಮಾದರಿ ಯಾವ ರೀತಿಯಲ್ಲಿ ಕಡಿಮೆ?

ಇಲ್ಲಿಯೇ ಸಾಹಿತ್ಯವಲಯದ ಮೇಲೆ ನಮ್ಮ ದೂರು. ಪರಂಪರೆ ಎಂದೊಡನೆ ನಮಗೆ ನೆನಪಾಗುವುದು ಶಾಸನ, ಓಲೆಗರಿ, ದೇವಾಲಯ. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಅಲ್ಲಿ ತಗಡು ಬಡಿದವರು, ರಿವೆಟ್ ಹೊಡೆದವರು, ಲೇತ್ ನಡೆಸಿದವರು ತಲೆಮಾರುಗಳಷ್ಟಿದ್ದಾರೆ. ಅವರಲ್ಲಿ ಅಸಂಖ್ಯ ಜನ ಕನ್ನಡದಲ್ಲೇ ಕೆಲಸ ಕಲಿತು ಕನ್ನಡದಲ್ಲೇ ಕಿರಿಯರಿಗೆ ಕಲಿಸಿದವರು. ಅವರ ಕೈಚಳಕಕ್ಕೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯೂ ಇಲ್ಲ. ಮಾರುತ್‌ನ ಮೊದಲ ದಳ ರೂಪುಗೊಂಡ 1967ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಅವರ ಮನೆ ಬಾಗಿಲಿಗೆ ಹೋಗಿ "ಈ ಮುಚ್ಚಳ ಯಾವ ಕಡೆಗೆ ತೆರೆಯುತ್ತಿತ್ತು, ಇಲ್ಲಿ ಎಷ್ಟು ತಿರುಪುಗಳಿದ್ದವು" ಎಂದು ಕೇಳುತ್ತಿರುವವರು ಸಾಹಿತಿಗಳೂ ಅಲ್ಲ, ಇತಿಹಾಸದ ಪ್ರಾಧ್ಯಾಪಕರೂ ಅಲ್ಲ. ನೀವು ಆಟದ ಹುಚ್ಚಿನವರೆಂದು ಕರೆಯುವ ಈ ಮಾದರಿಕಾರರು.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ನೇರವಾದ ಪಾತ್ರವಿದೆ. ಎಚ್‌ಎಎಲ್‌ನ ಘಟಕಗಳು ನಾಸಿಕ್, ಹೈದರಾಬಾದ್, ಕಾನ್ಪುರ, ಲಖನೌ, ಕೊರಾಪುಟ್‌ಗಳಲ್ಲೂ ಇವೆ. ಬೆಂಗಳೂರಿನಿಂದ ವರ್ಗವಾಗಿ ಹೋಗಿ ಅಲ್ಲಿಯೇ ನೆಲೆಯಾದವರು, ನಿವೃತ್ತರಾಗಿ ಮಕ್ಕಳ ಜೊತೆ ಪುಣೆ, ಮುಂಬಯಿ, ಚೆನ್ನೈಗಳಲ್ಲಿ ಇರುವವರು ನಮ್ಮ ಕನ್ನಡ ಸಂಘಗಳ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ರಾಜ್ಯೋತ್ಸವಕ್ಕೆ ಅವರಿಗೊಂದು ಶಾಲು ಹೊದಿಸಿ ಕಳಿಸುವ ಬದಲು ಎರಡು ಗಂಟೆ ಕೂರಿಸಿಕೊಂಡು ಅವರ ಮಾತನ್ನು ಧ್ವನಿಮುದ್ರಿಸಿ. ಮುಂಬಯಿಯ ವರಳಿಯಲ್ಲಿರುವ ನೆಹರೂ ವಿಜ್ಞಾನ ಕೇಂದ್ರದಲ್ಲಿ ಒಂದು ಮಾರುತ್ ಇದೆ. ಶಾಲಾ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದು ಎಲ್ಲಿಯದೆಂದು ಮಕ್ಕಳಿಗೆ ಹೇಳುವ ಕನ್ನಡದ ದನಿ ಒಂದಾದರೂ ಬೇಡವೆ?

ಕಳೆದುಹೋದದ್ದು ಪೂರ್ತಿ ಕಳೆದುಹೋಗಿಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ಮಾರುತ್‌ನ ಎಂಜಿನ್ ಸದ್ದನ್ನು ಇಂದು ಕೇಳುವುದು ಅಸಾಧ್ಯ. ಆದರೆ ಅದೇ ಆರ್ಫಿಯಸ್ ಕುಲದ ಎಂಜಿನ್ ನ್ಯಾಟ್ ವಿಮಾನದಲ್ಲಿತ್ತು. ಬೀದರಿನ ಸೂರ್ಯಕಿರಣ ತಂಡ 2011ರವರೆಗೆ ಹಾರಿಸುತ್ತಿದ್ದ ಕಿರಣ್ ಮಾರ್ಕ್-2ರಲ್ಲೂ ಇತ್ತು. ಆ ಸದ್ದಿನಿಂದ ಹೊರಟು, ಒಂದರ ಬದಲು ಎರಡು ಎಂಜಿನ್‌ಗಳೆಂಬ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು, ಮಾರುತ್‌ನ ದನಿಯನ್ನು ಮರಳಿ ಕಟ್ಟಬಹುದು. ಪಾಠಾಂತರಗಳಿಂದ ಮೂಲಪಾಠವನ್ನು ಊಹಿಸುವ ವಿಧಾನ ಇದೇ ಅಲ್ಲವೆ? ಅದಕ್ಕೆ ನಮ್ಮ ವಿದ್ವಾಂಸರು ಗೌರವದ ಹೆಸರಿಟ್ಟಿದ್ದಾರೆ, ಇದಕ್ಕೆ ಆಟವೆನ್ನುತ್ತಾರೆ.

ನಾವು ಕೇಳುವುದು ಹೆಚ್ಚೇನೂ ಅಲ್ಲ. ಸೇವೆಯಿಂದ ಹೊರಬಿದ್ದು 25 ವರ್ಷ ಮೀರಿದ ವಿಮಾನಗಳ ಕೈಪಿಡಿ, ನಕ್ಷೆ, ಪರೀಕ್ಷಾ ವರದಿಗಳ ಪಟ್ಟಿಯನ್ನಾದರೂ ಮೊದಲು ಪ್ರಕಟಿಸಲಿ. ಏನಿದೆ, ಏನು ನಾಶವಾಗಿದೆ ಎಂಬುದು ತಿಳಿಯಲಿ. ಇರುವುದನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಲಿ. ಮಾದರಿ ಕಟ್ಟುವವರನ್ನೂ ಸಂಶೋಧಕರೆಂದು ಎಣಿಸಲಿ. ಸರ್ಕಾರಿ ಕೃತಿಗಳಿಗೆ ಪ್ರಕಟಣೆಯಿಂದ 60 ವರ್ಷಗಳ ಹಕ್ಕುಸ್ವಾಮ್ಯ ವಿಧಿಸುವ ನಮ್ಮ ಕಾನೂನಿನ ಅಡಿಯಲ್ಲೇ, ಲಾಭದ ಉದ್ದೇಶವಿಲ್ಲದ ಬಳಕೆಗೆ ಮುಕ್ತ ಪರವಾನಗಿ ಕೊಡಲಿ. ಸಂಗ್ರಹಾಲಯಗಳಲ್ಲಿ ನಿಂತ ವಿಮಾನಗಳ ಒಳಗನ್ನು, ಮುಂದಿನ ಬಣ್ಣ ಬಳಿಯುವ ಮುನ್ನ, ಒಮ್ಮೆ ಸ್ಕ್ಯಾನ್ ಮಾಡಲು ಬಿಡಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕುವಷ್ಟು ಶ್ರದ್ಧೆ ಬೇಕು.

ಅಲ್ಲಿಯವರೆಗೆ ನಮ್ಮ ಮಾದರಿಯಲ್ಲಿ ಮೂಲ ದೊರೆಯದ ಪ್ರತಿ ಅಂಕಿಯ ಪಕ್ಕದಲ್ಲೂ "ಊಹೆ" ಎಂದು ಬರೆದಿಡುತ್ತಿದ್ದೇವೆ. ಆ ಪದಗಳನ್ನು ಒಂದೊಂದಾಗಿ ಅಳಿಸುವುದು ನಮ್ಮಿಂದ ಮಾತ್ರ ಆಗುವ ಕೆಲಸವಲ್ಲ.